ಏಳನೆಯ ಚಿತ್ರದ ಕೈಗಳು

ನವೆಂಬರ್ 3, 2025. ಸೋಮವಾರ. ಬೆಳಿಗ್ಗೆ 7

ಹಾಲು ತರಲು ಹೋದಾಗ ಬಸ್ ಸ್ಟ್ಯಾಂಡಿನ ಎದುರು ಹೊಸ ಫ್ಲೆಕ್ಸ್. ಯಾರದೋ ಹುಟ್ಟುಹಬ್ಬ. ಇಪ್ಪತ್ಮೂರು ತಲೆಗಳು. ಹನ್ನೊಂದಕ್ಕೆ ಎಡದಿಂದ ಬೆಳಕು, ಒಂಬತ್ತಕ್ಕೆ ಬಲದಿಂದ, ಮೂರಕ್ಕೆ ಎಲ್ಲಿಂದಲೂ ಇಲ್ಲ. ಒಬ್ಬನ ಕಿವಿಯೇ ಕತ್ತರಿಸಿ ಹೋಗಿದೆ. ಇಳಕಲ್ಲಿನ ಮಂದಿ ಅದರ ಕೆಳಗೇ ನಿಂತು ಬಸ್ಸಿಗೆ ಕಾಯುತ್ತಾರೆ, ಒಬ್ಬರಿಗೂ ಕಣ್ಣು ಚುಚ್ಚುವುದಿಲ್ಲ. ಸಂಪಾದಕರಿಗೆ ಪತ್ರ ಬರೆಯಬೇಕು. ಹೋದ ವರ್ಷ ಬರೆದದ್ದನ್ನು ಹಾಕಲಿಲ್ಲ. 2011ರಲ್ಲಿ ಬರೆದದ್ದನ್ನು ಅರ್ಧ ಕತ್ತರಿಸಿ ಹಾಕಿದರು. ಯಾವ ಅರ್ಧ ಅಂತ ಇನ್ನೂ ನೆನಪಿದೆ.

ದೇವಪ್ಪ ವಾಟ್ಸಾಪಿನಲ್ಲಿ ಹನ್ನೊಂದು ಚಿತ್ರ ಕಳಿಸಿದ್ದಾನೆ. ಡ್ರಾಯಿಂಗ್ ಮಾಸ್ತರಿಕೆ ಮುಗಿದ ಮೇಲೆ ಬಾಗಲಕೋಟೆಯ ನಮ್ಮ ಛಾಯಾಗ್ರಾಹಕರ ಬಳಗವೇ ಅವನ ಸಂಸಾರ. ತಿಂಗಳ ಎರಡನೇ ರವಿವಾರ ವಿದ್ಯಾಗಿರಿಯಲ್ಲಿ ಸಭೆ. ‘ಕ್ರಿಯೇಟಿವ್ ಎಡಿಟ್’ ವಿಭಾಗ ನನ್ನದು. ಎರಡು ಮೂರು ಫೋಟೋ ಕೂಡಿಸಿ ಒಂದು ಮಾಡಿದಂಥವು. ಅವುಗಳಿಗೆ ನಾನು ಫೀಡ್‌ಬ್ಯಾಕ್ ಕೊಡಬೇಕು — ಮೂವತ್ತೈದು ವರ್ಷ ಸ್ಟುಡಿಯೋ ನಡೆಸಿದವನು, ಬ್ಲೇಡು ಗೋಂದು ಹಿಡಿದು ಅದೇ ಕೆಲಸ ಮಾಡಿದವನು ಅಂತ. ಚಿತ್ರಕ್ಕೆ ನಂಬರ್ ಮಾತ್ರ, ಹೆಸರು ಇರುವುದಿಲ್ಲ. ಕ್ರಮವೂ ಇದೆ: ಎರಡು ಒಳ್ಳೆಯದು, ಒಂದು ದೋಷ, ಒಂದು ಸಲಹೆ. ಆಗಸ್ಟಿನಲ್ಲಿ ನನ್ನ ಮಾತು ಕೇಳಿ ಒಬ್ಬ ಬ್ಯಾಂಕ್ ಮ್ಯಾನೇಜರ್ ಅತ್ತುಬಿಟ್ಟ. ಅಲ್ಲಿಂದ ಈ ಕ್ರಮ.

“ಮದಲ ಎರಡ ಛಲೋ ಮಾತ ಹೇಳೋ ದೋಸ್ತ, ಆಮ್ಯಾಲ ಕೊಲ್ಲು” ಅಂದಿದ್ದ ದೇವಪ್ಪ.

ನವೆಂಬರ್ 5, ಬುಧವಾರ. ಮಧ್ಯಾಹ್ನ

ಮಗ ಯುನೂಸನ ಕಂಪ್ಯೂಟರಿನಲ್ಲಿ ಹನ್ನೊಂದನ್ನೂ ದೊಡ್ಡದು ಮಾಡಿ ನೋಡಿದೆ. ಒಂದನೆಯದು: ಬಾದಾಮಿಯ ಕೆರೆಯ ಮೇಲೆ ಚಂದ್ರ. ಗುಡಿಗಿಂತ ಚಂದ್ರನೇ ದೊಡ್ಡವನು. ಮೇಲೆ ಅಷ್ಟು ದೊಡ್ಡವನು, ನೀರಿನಲ್ಲಿ ಇಲ್ಲವೇ ಇಲ್ಲ. ಮೂರನೆಯದು: ತುಳಸಿಗೇರಿಯ ಗುಡಿ, ಮೋಡದೊಳಗೆ ಹನುಮಪ್ಪ. ಆ ಮೋಡ ನಮ್ಮ ಜಿಲ್ಲೆಯದಲ್ಲ. ಐದನೆಯದು: ಹುನಗುಂದದ ಕರಿಹೊಲದಲ್ಲಿ ಹುಲಿ. ಜೋಳಕ್ಕೆ ನೆರಳಿದೆ, ಹುಲಿಗಿಲ್ಲ.

ಏಳನೆಯದು ಬೇರೆ.

ಮಗ್ಗದ ಕೋಣೆ. ಎಡಕ್ಕೆ ಕಿಟಕಿ. ಸಾಲಾಗಿ ನಾಲ್ಕು ಕುರ್ಚಿ, ನಾಲ್ವರು ಮುದುಕಿಯರು. ಕಪ್ಪು-ಬಿಳುಪಿನವರು, ಹಳೆಯ ಫೋಟೋಗಳಿಂದ ಎತ್ತಿ ತಂದವರು. ನಾಲ್ವರ ತೊಡೆಯ ಮೇಲೂ ಹಾಯ್ದು ಹೋದ ಒಂದೇ ಹಾಸು — ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳು. ಅವು ಮಾತ್ರ ಕೆಂಪು. ಎಳೆಗಳ ಮೇಲೆ ನಾಲ್ವರ ಕೈ ಸುಮ್ಮನೆ ಕೂತಿವೆ. ಒಂದೊಂದು ಎಳೆಯ ನೆರಳೂ ಸೀರೆಯ ನೆರಿಗೆಗೆ ಬಂದು ಮುರಿದು ಬಿದ್ದಿದೆ. ಮುರಿಯಬೇಕಾದ ಕಡೆಯೇ.

ಕೂಡು, ಅಂದರೆ ತುಂಡುಗಳು ಸೇರಿದ ಗೆರೆ, ಎಲ್ಲಿದೆ ಎಂದು ಮುಕ್ಕಾಲು ತಾಸು ಹುಡುಕಿದೆ. ಸಿಗಲಿಲ್ಲ.

ಯಾರದೆಂದು ಗೊತ್ತು. ನೇಕಾರ ಓಣಿಯ ರಾಮಲಿಂಗಪ್ಪನ ಮಗಳು, ಸುಶ್ಮಿತಾ. ಹುನಗುಂದದಲ್ಲಿ ಹೈಸ್ಕೂಲಿಗೆ ಗಣಿತ ಹೇಳುತ್ತಾಳೆ. ಬಳಗದಲ್ಲಿ ಮಗ್ಗ ಗೊತ್ತಿದ್ದವಳು ಅವಳೊಬ್ಬಳೇ. ಇಪ್ಪತ್ತೇಳು ವರ್ಷ. ಡಾರ್ಕ್‌ರೂಮಿನ ವಾಸನೆ ಕಂಡವಳಲ್ಲ. ತಪ್ಪಾದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗುವ ಬಟನ್ ಇದೆ ಅವಳಿಗೆ. ನನಗೆ ಒಂದು ತಪ್ಪಾದರೆ ಒಂದು ಪೇಪರು ಹಾಳು.

ಊಟ ಸೇರಲಿಲ್ಲ.

“ಏನಾತ್ರಿ, ಹೊಟ್ಟಿ ಸುಮಾರೈತೇನು?” ಕೇಳಿದಳು ಶಮಶಾದ. ಹೂಂ ಅಂದೆ. ಹೆಂಡತಿಗೆ ಹೇಳಿದ್ದು ಸುಳ್ಳೇನಲ್ಲ.

ನವೆಂಬರ್ 6, ಗುರುವಾರ

ನಂಬರ್ ಏಳಕ್ಕೆ ಬರೆದದ್ದರ ಪ್ರತಿ ಇಲ್ಲಿಯೂ ಇರಲಿ.

ಒಳ್ಳೆಯದು ಒಂದು: ಎಳೆಗಳ ನೆರಳು. (ಬರೆಯಲೇಬೇಕಾಯಿತು.) ಒಳ್ಳೆಯದು ಎರಡು: ಬಣ್ಣ ಮಿತವಾಗಿದೆ.

ದೋಷ: ನಾಲ್ವರ ಕೈಯೂ ಒಂದೇ. ಬಲಗೈ ಎಡಗೈ ಮೇಲೆ. ಒಂದು ಜೊತೆ ಕೈ ಕಾಪಿ ಮಾಡಿ ನಾಲ್ಕು ಕಡೆ ಹಚ್ಚಲಾಗಿದೆ. ಇದು ಸೋಮಾರಿತನ. ಮುಖ ಅರವತ್ತರದು, ಕೈ ಇಪ್ಪತ್ತೈದರದು; ಲಾಳಿ ಎಸೆದ ಕೈ ಹೀಗಿರುವುದಿಲ್ಲ. ಇನ್ನೊಂದು ದೋಷ: ಎಡಗೈಯ ಕಿರುಬೆರಳು ಹೊರಕ್ಕೆ ಸೊಟ್ಟ. ಕಂಪ್ಯೂಟರಿನಲ್ಲಿ ಲಿಕ್ವಿಫೈ ಮಾಡಿ ಆಕಾರ ತಿದ್ದುವಾಗ ಎಳೆದದ್ದು ಹೆಚ್ಚಾಗಿದೆ. ಮತ್ತೊಂದು: ಕಿಟಕಿ ಇರುವುದು ಎಡಕ್ಕೆ, ಮೂರನೆಯ ಮುದುಕಿಯ ಕುತ್ತಿಗೆಯ ನೆರಳು ಬಿದ್ದದ್ದೂ ಎಡಕ್ಕೆ. ಬಲಕ್ಕೆ ಬೀಳಬೇಕು. ಎರಡು ಬೆಳಕು ಸೇರಿಸುವಾಗ ಮೊದಲು ನೋಡಬೇಕಾದದ್ದೇ ಇದು.

ಸಲಹೆ: ಈ ಕೈಗಳನ್ನು ತೆಗೆದು ನಿಜವಾದ ನೇಕಾರ ಹೆಂಗಸರ ಕೈ ಹಚ್ಚುವುದು.

ಒಂದು ದೋಷ ಎಂಬ ಕ್ರಮ ಮುರಿದೆ. ಎರಡು ಸಲ ಓದಿದೆ. ಎಲ್ಲವೂ ಖರೆ. ಎಲ್ಲವೂ ಖರೆ ಇದ್ದದ್ದರಿಂದ ಮನಸ್ಸು ಹಗುರಾಯಿತು. ರಾತ್ರಿ ಊಟ ಚೆನ್ನಾಗಿ ಸೇರಿತು.

ನವೆಂಬರ್ 9, ರವಿವಾರ. ಬಸ್ಸಿನಲ್ಲಿ, ಸಂಜೆ 4.30

ಅಕ್ಷರ ಕುಣಿಯುತ್ತಿವೆ, ಕುಣಿಯಲಿ. ಮನೆಗೆ ಹೋಗುವ ಮೊದಲೇ ಬರೆಯಬೇಕು.

ಮೂವತ್ತು ಜನ ಇದ್ದರು. ಏಳನೆಯದು ಪರದೆಯ ಮೇಲೆ ಬಂದಾಗ ಯಾರೋ “ವಾಹ್” ಅಂದರು. ನಾನು ಓದಿದೆ. ‘ಸೋಮಾರಿತನ’ ಅಂದಾಗ ಹಿಂದಿನ ಸಾಲು ನಕ್ಕಿತು. ಎರಡನೇ ದೋಷಕ್ಕೆ ದೇವಪ್ಪ ಮೇಜು ಬಡಿದ. “ಒಂದ ದೋಷ, ಸಾಬ್ರ.” ನಾನು ಮೂರನೆಯದನ್ನೂ ಓದಿ ಕೂತೆ.

ಸುಶ್ಮಿತಾ ಎದ್ದು ನಿಂತಳು. “ಸರ್, ಒಂದ ಮಾತ ಹೇಳ್ಲೇನ್ರಿ? ಆ ಕೈ ನಾ ಹಚ್ಚಿಲ್ರಿ.”

“ನೀ ಅಲ್ಲಂದ್ರ ಮತ್ತ ಯಾರು ಹಚ್ಚಿದ್ರವ್ವಾ?” ಅಂದೆ.

“ಅದಽ ಗೊತ್ತಿಲ್ರಿ. ನಮ್ಮ ಓಣ್ಯಾಗ ನಾಕ ಮನ್ಯಾಗ ಗ್ವಾಡಿಮ್ಯಾಲ ಈ ಫೋಟೋ ಅದಾವ್ರಿ. ಅಜ್ಜಿಗೋಳ ಮುಖ ಬ್ಯಾರೆ ಬ್ಯಾರೆ, ಕೈ ಒಂದಽ. ಅದನ್ನ ನೋಡೇ ಈ ಚಿತ್ರ ಮಾಡೇನಿ. ಬೆರಳಿಗಿ ನಾ ಕೈ ಹಚ್ಚಿಲ್ರಿ ಸರ್. ಅದು ಮದಲಿಂದಾನ ಸೊಟ್ಟ ಐತಿ.”

ನಾಲ್ಕು ಗೋಡೆಯ ಫೋಟೋಗಳನ್ನೂ ಫ್ರೇಮಿನ ಸಮೇತ ಪರದೆಯ ಮೇಲೆ ತೋರಿಸಿದಳು. ಒಂದಕ್ಕೆ ಶ್ರೀಗಂಧದ ಹಾರ. ಒಂದರ ಗಾಜು ಒಡೆದಿದೆ. ಮೂರನೆಯದರ ಗಾಜಿನ ಮೇಲೆ ಕುಂಕುಮ. ಹಣೆಗಲ್ಲ, ಕೈಗೆ. “ಇದು ನಮ್ಮಜ್ಜಿರಿ. ನಮ್ಮವ್ವನ ಅವ್ವ” ಅಂದಳು.

ಆಗ ಗೊತ್ತಾಯಿತು. ನಾಲ್ಕೂ ನಾನು ಮಾಡಿದವು.

ಸಭೆಯಲ್ಲಿ ಗದ್ದಲವೋ ಗದ್ದಲ. ನಾಲ್ಕು ಅಜ್ಜಿ, ಒಂದೇ ಕೈ, ಎಂಥ ಕಣ್ಣು, ಎಂಥ ಕಾನ್ಸೆಪ್ಟು! ದೇವಪ್ಪ ಚಪ್ಪಾಳೆ ತಟ್ಟಿದ. ಬ್ಯಾಂಕ್ ಮ್ಯಾನೇಜರ್ ಎಲ್ಲರಿಗಿಂತ ಹೆಚ್ಚು ತಟ್ಟಿದ. ನಾನು ಕನ್ನಡಕ ಒರೆಸಿಕೊಂಡು “ಎಂಟನೇದು” ಅಂದೆ.

ನವೆಂಬರ್ 10, ಸೋಮವಾರ. ಬೆಳಿಗ್ಗೆ

1988ರಿಂದ ’95ರವರೆಗೆ ಸ್ಟುಡಿಯೋದ ಅರ್ಧ ಕೆಲಸ ಇದೇ ಆಗಿತ್ತು. ಮನೆಯಲ್ಲಿ ಯಾರಾದರೂ ಮುದುಕಿ ತೀರಿಕೊಂಡರೆ ಮಕ್ಕಳು ಬರುವರು. ಕೈಯಲ್ಲಿ ಮದುವೆಯ ಗುಂಪು ಫೋಟೋ, ಅದರ ಮೂಲೆಯಲ್ಲಿ ಅವ್ವ. ಇಲ್ಲವೇ ಪಾಸ್‌ಬುಕ್ಕಿನ ಸಣ್ಣ ಫೋಟೋ. ಮುಖ ಮಾತ್ರ. ಅವರಿಗೆ ಬೇಕಾದದ್ದು ಕುರ್ಚಿಯ ಮೇಲೆ ಕೂತ, ಸೆರಗು ಹೊದ್ದ, ಇಡೀ ಅವ್ವ. ಮೈ ಎಲ್ಲಿಂದ ತರುವುದು?

ಶಮಶಾದಳನ್ನು ಕೂಡಿಸಿ ತೆಗೆದೆ. ಆಗ ಅವಳಿಗೆ ಇಪ್ಪತ್ತಾರು. ಪಕ್ಕದ ಮನೆಯಿಂದ ಇಳಕಲ್ ಸೀರೆ ಇಸಿದುಕೊಂಡು ಬಂದು ಉಟ್ಟಳು. ಎರಡು ನೆಗೆಟಿವ್: ಮುತ್ತೈದೆಯಾಗಿ ಸತ್ತವರಿಗೆ ಬಳೆ ತೊಟ್ಟ ಕೈ, ಗಂಡ ಇಲ್ಲದವರಿಗೆ ಬರಿಗೈ. ಬಳೆ ಬಿಚ್ಚುವುದು ನಮ್ಮಮ್ಮನಿಗೆ ಗೊತ್ತಾಗಿ ದೊಡ್ಡ ರಾದ್ಧಾಂತ. “ನೀ ಜೀವಂತ ಇದ್ದಾಗ ಹೆಂಡ್ತಿ ಬಳಿ ಬಿಚ್ಚಸ್ತೀಯೇನೋ?” ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಶಮಶಾದಳೇ ಸಾಬೂನು ಹಚ್ಚಿ ಒಂದೊಂದಾಗಿ ಜಾರಿಸಿ ತೆಗೆದಿಟ್ಟಳು. “ಕೆಲಸ ಅಲ್ಲೇನ್ರಿ, ಲಗೂ ತಗೀರಿ” ಅಂದಳು.

ಬೆರಳು. 1986. ಡಾರ್ಕ್‌ರೂಮಿನಲ್ಲಿ ಫೋಟೋ ಪೇಪರು ತೆರೆದಿಟ್ಟಿದ್ದೆ, ಬೆಳಕು ತಾಗಿದರೆ ಹಾಳು. ಅವಳು ಚಹಾ ತಂದು ಬಾಗಿಲು ತಳ್ಳಿದಳು. ಬೆಳಕು ಬಂತೆಂದು ಬಾಗಿಲು ಬಡಿದು ಮುಚ್ಚಿದೆ. ಅವಳ ಕಿರುಬೆರಳು ಸಂದಿಯಲ್ಲಿತ್ತು. ಪೇಪರು ಉಳಿಯಿತು.

ಅದನ್ನೇ ನಾನು ಲಿಕ್ವಿಫೈ ತಪ್ಪು ಅಂತ ಬರೆದೆ. ಸಂಪಾದಕರು ಯಾವ ಅರ್ಧ ಕತ್ತರಿಸಿದರು ಎಂಬುದು ನೆನಪಿದೆ. ದಿನಕ್ಕೆ ನಾಲ್ಕು ಸಲ ಚಹಾ ಕೊಡುವ ಕೈ ನೆನಪಾಗಲಿಲ್ಲ.

ನಾಚಿಕೆಯಾಗಿದೆ. ಆದರೆ ಇದು ನನ್ನ ಪುಸ್ತಕ, ಇಲ್ಲಿ ಸುಳ್ಳು ಬರೆಯಬೇಕಾಗಿಲ್ಲ: ನಾಚಿಕೆಗಿಂತ ಹೊಟ್ಟೆಕಿಚ್ಚು ದೊಡ್ಡದು. ಕೂಡಿಸಿದವನು ನಾನು. ಕೂಡಿಸಿದ್ದನ್ನು ನೋಡಿದವಳು ಅವಳು. ನೋಡಿದ್ದಕ್ಕೆ ಚಪ್ಪಾಳೆ.

ನವೆಂಬರ್ 18, ಮಂಗಳವಾರ

ಎಂಟು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇಂದು ಪೇಪರಿನಲ್ಲಿ ಮೂರು ಕಾಲಂ. ಜನವರಿಯ ಪ್ರದರ್ಶನಕ್ಕೆ ಸುಶ್ಮಿತಾಳ ‘ನಾಲ್ವರು’ ಮುಖ್ಯ ಚಿತ್ರ. ಚಿತ್ರವನ್ನೂ ಹಾಕಿದ್ದಾರೆ, ಕತ್ತರಿಸದೆ. ‘ನೇಕಾರ ಮನೆಯ ಮಗಳ ನವಿರಾದ ಜೋಡಣೆ’ ಅಂತೆ. ಸಂಪಾದಕರಿಗೆ ಪತ್ರ ಬರೆದೆ. ‘ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಚಿತ್ರದ ಮುಕ್ಕಾಲು ಪಾಲು…’ ಹರಿದೆ. ಮತ್ತೆ ಬರೆದೆ. ಮತ್ತೆ ಹರಿದೆ. ಶಮಶಾದ ಪೇಪರು ಹಿಡಿದು ಒಳಗೆ ಬಂದಳು.

“ಇಲ್ನೋಡ್ರಿ. ನಾ ಪೇಪರನ್ಯಾಗ ಬಂದೇನಿ.”

ಹರಿದ ಚೂರುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

“ನಿನಗ ಗೊತ್ತಿತ್ತೇನು?”

“ಗೊತ್ತಿಲ್ಲದ ಏನು? ಲಗ್ನಕ್ಕ, ತೊಟ್ಲಕ್ಕ, ಯಾರ ಮನಿಗಿ ಹೋದ್ರೂ ಗ್ವಾಡಿಮ್ಯಾಲ ನಾನಽ ಕುಂತಿರತೇನಿ. ಹನ್ನೆರಡ ಮನಿ ಎಣಿಸೇನಿ. ಒಬ್ಬಾಕಿ ಗಂಧದ ಹಾರ ಹಾಕ್ಯಾಳು. ಬಾಳವ್ವಂತೂ ದಿನಾ ಕುಂಕುಮ ಹಚ್ಚತಾಳು.”

ಬಾಳವ್ವ ಅಂದರೆ ಸುಶ್ಮಿತಾಳ ತಾಯಿ.

“ನಂಗೊಮ್ಮಿನೂ ಹೇಳಲಿಲ್ಲಲ್ಲ?”

“ಕುಂದ್ರಿಸಿದವ್ರ ನೀವು. ನಿಮಗ ಏನ ಹೇಳೂದು?”

ಆಮೇಲೆ ಯುನೂಸನ ಫೋನಿನಲ್ಲಿ ಚಿತ್ರ ತರಿಸಿಕೊಂಡು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ನಾನು ಕಾದೆ. ಮೂವತ್ತೇಳು ವರ್ಷ ಕಾದವನಿಗೆ ಐದು ನಿಮಿಷ ಏನು?

“ಹುಡುಗಿ ಭಾಳ ಚಂದ ಮಾಡ್ಯಾಳ ನೋಡ್ರಿ” ಅಂದಳು.

ಹುಡುಗಿ!

ಹನ್ನೆರಡು ಮನೆ. ಹನ್ನೆರಡು ಗೋಡೆಯ ಮೇಲೆ ಶಮಶಾದ. ನನ್ನ ಹೆಸರು? ಇದೆ. ಸ್ಟುಡಿಯೋದ ಸೀಲು ಫೋಟೋದ ಹಿಂಬದಿಗೆ, ಗೋಡೆಗೆ ಮುಖ ಮಾಡಿ.

ನವೆಂಬರ್ 23, ರವಿವಾರ. ಮಧ್ಯಾಹ್ನ 3

ಸುಶ್ಮಿತಾ ಬಂದು ಹೋದಳು. ಅಜ್ಜಿಯ ಫೋಟೋದ ಫ್ರೇಮು ಬಿಚ್ಚಿ ಹಿಂಬದಿ ನೋಡಿದ್ದಾಳೆ. ಸೀಲಿನ ಫೋಟೋ ಮೊಬೈಲಿನಲ್ಲಿತ್ತು. ನನ್ನ ಮುಂದೆ ಹಿಡಿದಳು.

“ಸರ್, ಇದು ನಿಮ್ಮ ಸ್ಟುಡಿಯೋ ಅಲ್ಲೇನ್ರಿ?”

“ಸೀಲ್ ನಮ್ದಽ. ಆದ್ರ ಇಂಥಾ ಕೆಲಸ ನಾವ ಸೊಲ್ಲಾಪುರಕ್ಕ ಕಳಸ್ತಿದ್ವಿ.”

ಯಾಕೆ ಹಾಗೆ ಅಂದೆ? ಊರು ನನ್ನನ್ನು ಗುರುತಿಸಬೇಕು ಎಂದಿತ್ತು. ಇವಳ ಕೈಗೆ ಸಿಕ್ಕಿಬೀಳುವುದು ಬೇಡವಾಗಿತ್ತು.

ಶಮಶಾದ ಚಹಾ ತಂದಳು. ಎಡಗೈಯಲ್ಲಿ ಬಸಿ, ಅದರ ಮೇಲೆ ಕಪ್ಪು. ಕಿರುಬೆರಳು ಬಸಿಯಿಂದ ದೂರ, ಹೊರಕ್ಕೆ, ಯಾವಾಗಿನಂತೆ. ಹುಡುಗಿ ಕಪ್ಪಿಗೆ ಕೈ ಚಾಚಿದವಳು ಅಲ್ಲೇ ನಿಂತಳು.

“ಚಾ ಆರತೈತಿ, ತೊಗೊ ತಂಗಿ.”

ಎರಡೂ ಕೈಯಿಂದ ತೆಗೆದುಕೊಂಡಳು. ಕಪ್ಪನ್ನಲ್ಲ, ಕಪ್ಪು ಹಿಡಿದ ಕೈಯನ್ನೇ. ಚಹಾ ಚೆಲ್ಲಿತು. ನನ್ನ ಕಡೆ ನೋಡದೆಯೇ ಅಂದಳು: “ಸೊಲ್ಲಾಪುರದಾಗ ಮಾಡಿದ್ದಲ್ಲ ಬಿಡ್ರಿ ಸರ್ ಇದು.”

“ಇವರು ಸೊಲ್ಲಾಪುರಾನಽ ನೋಡಿಲ್ಲ” ಅಂದು ಶಮಶಾದ ನಕ್ಕಳು. ಇಬ್ಬರೂ ನಕ್ಕರು. ಒಂದು ತಾಸು ಮಾತಾಡಿದರು. ಬಳೆ, ಸಾಬೂನು, ನಮ್ಮಮ್ಮನ ಎಂಟು ದಿನ, ಎಲ್ಲ ಹೊರಗೆ ಬಂತು. ಬಾಗಿಲ ಮಾತು ಮಾತ್ರ ಶಮಶಾದ ಹೇಳಲಿಲ್ಲ. “ಏನೋ ಬಡದಿತ್ತು” ಅಂದಳು, ಅಷ್ಟೆ.

ಹೋಗುವಾಗ ಹುಡುಗಿ ನನ್ನ ಮುಂದೆ ನಿಂತಳು. “ಸರ್, ಪ್ರದರ್ಶನದಾಗ ಚಿತ್ರದ ಕೆಳಗ ಕಾರ್ಡ್ ಇರತೈತ್ರಿ. ಅದರಾಗ ‘ಮೂಲ ಜೋಡಣೆ: ಮುರ್ತುಜಸಾಬ, ಇಳಕಲ್’ ಅಂತ ಬರೀಲೇನ್ರಿ?” ಚಪ್ಪಲಿ ಮೆಟ್ಟುತ್ತ ಅಂದಳು: “ಅವ್ವಗ ಮಾತ್ರ ನಾ ಏನೂ ಹೇಳಿಲ್ರಿ. ನಾಕೂ ಕೈ ಒಂದಽ ಮಾಡಿದಾಕಿ ನಾನಽ ಅಂತ ತಿಳಕೊಂಡಾಳು.”

ವಿಚಾರ ಮಾಡಿ ಹೇಳುತ್ತೇನೆ ಅಂದೆ. ವಿಚಾರ ಮಾಡುವುದೇನಿದೆ?

ನವೆಂಬರ್ 24, ಸೋಮವಾರ

ಕಾರ್ಡಿಗೆ ಒಕ್ಕಣೆ ಬರೆದೆ. ಒಂದು ಸಾಲು ಸಾಕು ಅಂದುಕೊಂಡು ಕೂತೆ. ಹನ್ನೊಂದು ಸಾಲಾಯಿತು. ಬ್ಲೇಡಿನ ನಂಬರೂ ಬಂದಿದೆ. ತಗ್ಗಿಸಬೇಕು. ಯಾವುದನ್ನು ತೆಗೆಯುವುದು ತಿಳಿಯುತ್ತಿಲ್ಲ.

ಡಿಸೆಂಬರ್ 2, ಮಂಗಳವಾರ

ಶಮಶಾದ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: “ಹೆಸರ ಹಾಕಸ್ತೀರೇನು?”

“ಯಾಕ ಹಾಕಸಬಾರದು?”

“ಹಾಕಸ್ರಿ. ಬ್ಯಾಡ ಅಂದೇನೇನು? ಬಾಳವ್ವ ಬರತಾಳು ನೋಡಾಕ, ಮಗಳ ಚಿತ್ರ ಐತಲ್ಲ. ‘ಮೂಲ ಜೋಡಣೆ’ ಅಂತ ಓದತಾಳು. ಮುಖ ಅಷ್ಟಽ ಅವ್ವಂದು, ಉಳದದ್ದು ಮಂದೀದು ಅಂತ ತಿಳೀತೈತಿ. ಮರುದಿನ ಆಕಿ ಕುಂಕುಮ ಎಲ್ಲಿ ಹಚ್ಚಬೇಕ್ರಿ?”

“ಅದಕ್ಕ ನಾ ಏನ ಮಾಡ್ಲಿ? ಕೆಲಸ ನಂದು.”

“ಹೂಂ, ನಿಮ್ದು” ಅಂದಳು. “ಆಕಿಗೆ ಇರೂದು ಅದೊಂದಽ ಫೋಟೋ.”

ಬೆಳ್ಳುಳ್ಳಿ ಸಿಪ್ಪೆ ಊದಿ ಎದ್ದು ಹೋದಳು.

ಬಾಳವ್ವನ ಮನಸ್ಸು ನೋಯಬಾರದು, ಸರಿ. ಆದರೆ ನನಗೆ ಕಾಣುವುದು ಇದು: ಶಮಶಾದಳಿಗೆ ಹನ್ನೆರಡು ಗೋಡೆ. ಹಾರ, ಕುಂಕುಮ, ಊದಿನಕಡ್ಡಿ. ನನಗೆ ಒಂದು ಕಾರ್ಡು, ಅಂಗೈಯಗಲ, ಹದಿನೈದು ದಿನ. ಅದನ್ನೂ ಬಿಡಬೇಕು. ಸ್ವಂತ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವವನನ್ನು ಏನೆಂದು ಕರೆಯುತ್ತಾರೋ. ಇಷ್ಟು ಪುಸ್ತಕ ಓದಿದ್ದೇನೆ, ಅದಕ್ಕೊಂದು ಮಾತು ಎಲ್ಲಿಯೂ ಸಿಗಲಿಲ್ಲ.

ಡಿಸೆಂಬರ್ 4, ಗುರುವಾರ

ಎರಡು ದಿನ ಮಾತಾಡಲಿಲ್ಲ. ಅವಳಿಗೆ ಗೊತ್ತಾದಂತೆಯೂ ಇಲ್ಲ.

ಹುಡುಗಿಗೆ ಮೆಸೇಜ್ ಹಾಕಿದೆ: ‘ಹೆಸರು ಬೇಡ.’ ಎರಡು ಶಬ್ದ. ನಲವತ್ತು ನಿಮಿಷ ಹಿಡಿಯಿತು. ಉತ್ತರವಾಗಿ ಮುಗಿದ ಕೈಗಳ ಚಿತ್ರ ಕಳಿಸಿದಳು. ಅಲ್ಲಿಯೂ ಕೈಯೇ.

ಜನವರಿ 11, 2026. ರವಿವಾರ. ಸಂಜೆ 6

ಈಗ ಬಂದೆವು. ಶಮಶಾದ ಒಳಗೆ ಸೊಸೆಗೆ ಹೇಳುತ್ತಿದ್ದಾಳೆ, ಎರಡನೇ ಸಲ. ನಾನು ಇಲ್ಲಿ.

ವಿದ್ಯಾಗಿರಿಯ ಸಭಾಂಗಣದಲ್ಲಿ ಗೋಡೆ ತುಂಬ ಚಿತ್ರ. ‘ನಾಲ್ವರು’ ಬಾಗಿಲಿನ ಎದುರಿಗೇ, ಆಳೆತ್ತರ. ಕೆಳಗೆ ಕಾರ್ಡು: ‘ಸುಶ್ಮಿತಾ, ಇಳಕಲ್.’ ಆ ಬಿಳಿ ಜಾಗದಲ್ಲಿ ಇನ್ನೂ ಎರಡು ಸಾಲು ಆರಾಮಾಗಿ ಹಿಡಿಸುತ್ತಿತ್ತು. ಕೈಗಳು ಹಾಗೇ ಇದ್ದವು. ನನ್ನ ಸಲಹೆ ಕೇಳಿರಲಿಲ್ಲ.

ಬಾಳವ್ವ ಹೊಸ ಸೀರೆ ಉಟ್ಟು ಬಂದಿದ್ದಳು. ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಪಕ್ಕದಲ್ಲಿ ನಿಂತ ಶಮಶಾದಳ ಎಡಗೈ ತೆಗೆದುಕೊಂಡು, ಬೆರಳು ಒಂದೊಂದೇ ಸರಿಸಿ ಕಿರುಬೆರಳು ಹಿಡಿದಳು.

“ಇದಽ ಅಲ್ಲೇನಕ್ಕಾ?”

ಶಮಶಾದ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ನಿನಗ ಯಾರ ಹೇಳಿದ್ರು ಬಾಳವ್ವ?”

“ಯಾರ ಹೇಳಬೇಕು? ಫೋಟೋ ಮನಿಗಿ ತಂದ ದಿನಾನ ಗೊತ್ತಾತು. ನಮ್ಮವ್ವನ ಕೈ ನಂಗ ಗೊತ್ತಿಲ್ಲೇನು? ಸೀರಿ ಎಳಿಗಿ ಸೆರಗಿನ ಎಳಿ ಕೂಡಿಸಿ ಕೂಡಿಸಿ ಹೆಬ್ಬೆಟ್ಟ ಸೀಳಿತ್ತು. ಒಂದ ದಿನ ಖಾಲಿ ಕುಂತ ಕೈ ಅಲ್ಲದು. ಫೋಟೋದಾಗರ ಕುಂತೈತಲ್ಲ ಅಂತ ಸುಮ್ಮನಾದೆ. ಯಾವ ಪುಣ್ಯಾತಗಿತ್ತಿ ಕೈಯೋ, ನಮ್ಮವ್ವನ ಸಲವಾಗಿ ಕುಂತಾವು ಅಂತ ಅದಕ್ಕಽ ಕುಂಕುಮ ಹಚ್ಚತೇನಿ.”

ಇಬ್ಬರೂ ಕೈ ಹಿಡಿದು ನಿಂತರು. ಮಂದಿ ಸುತ್ತ ಸೇರಿದರು, ಯಾರೋ ಅವರಿಬ್ಬರ ಫೋಟೋ ತೆಗೆದರು. ದೇವಪ್ಪ ಕಣ್ಣು ಒರೆಸಿಕೊಂಡ. ಬಾಳವ್ವ ನನ್ನನ್ನು ಕಂಡು, “ಸಾಬ್ರ, ನಿಮ್ಮ ಮನಿಯವ್ರ ಕೈ ಭಾಳ ಛಲೋ ಅದಾವ್ರಿ” ಅಂದಳು. ನಾನು ಅಲ್ಲಿ ಚಪ್ಪಲಿ ಕಾಯಲು ಬಂದವನೋ ಎಂಬಂತೆ.

ಅಂದರೆ ಗುಟ್ಟು ಗುಟ್ಟಾಗಿರಲೇ ಇಲ್ಲ. ಯಾರ ಸಲುವಾಗಿ ಹೆಸರು ಬಿಟ್ಟೆನೋ ಅವಳಿಗೇ ಮೂವತ್ನಾಲ್ಕು ವರ್ಷದಿಂದ ಗೊತ್ತು. ಹೋಗಲಿ. ಅದಲ್ಲ ಉರಿಯುವುದು. ಮೂವತ್ನಾಲ್ಕು ವರ್ಷ ದಿನಾ ಬೆಳಿಗ್ಗೆ ಬಾಳವ್ವ ಕೈ ನೋಡಿದಳು. ಊರು ಮುಖ ನೋಡಿತು. ಇವೆರಡರ ನಡುವೆ, ಕುತ್ತಿಗೆಯ ಹತ್ತಿರ, ಅರವತ್ತರ ಮುಖ ಇಪ್ಪತ್ತಾರರ ಮೈಯನ್ನು ಸೇರುವ ಕಡೆ — ನಾನು ಮೂರು ದಿನ ಉಸಿರು ಹಿಡಿದು ಕೆಲಸ ಮಾಡಿದ ಅರ್ಧ ಇಂಚು — ಅದನ್ನು ಯಾರೂ ನೋಡಲಿಲ್ಲ. ಚೆನ್ನಾಗಿ ಕೂಡಿಸಿದ್ದೇ ತಪ್ಪಾಯಿತು.

ಹೊರಡುವಾಗ ಸುಶ್ಮಿತಾ ಮಡಿಚಿದ ಕಾಗದ ಕೊಟ್ಟಳು. “ಮನಿಗಿ ಹೋಗಿ ಓದ್ರಿ ಸರ್. ಕ್ರಮಾ ಪ್ರಕಾರ ಬರದೇನಿ.”

ಓದಿಲ್ಲ. ಓದುವ ಮನಸ್ಸಿಲ್ಲ.

ಜನವರಿ 12, ಸೋಮವಾರ. ಬೆಳಿಗ್ಗೆ 6.40

ಓದಿದೆ. ಇಲ್ಲಿ ಬರೆದಿಡುತ್ತೇನೆ, ಕಾಗದ ಕಳೆಯಬಹುದು.

‘ಚಿತ್ರ: ನಮ್ಮ ಅಜ್ಜಿ, 1991. ಮಾಡಿದವರು: ಮುರ್ತುಜಸಾಬ, ಇಳಕಲ್.

ಒಳ್ಳೆಯದು ಒಂದು: ಕುತ್ತಿಗೆಯ ಕೂಡು. ಸ್ಕ್ಯಾನ್ ಮಾಡಿ ನಾಲ್ಕು ಪಟ್ಟು ಹಿಗ್ಗಿಸಿದೆ, ಎಂಟು ಪಟ್ಟು ಹಿಗ್ಗಿಸಿದೆ. ನೀವು ಎಲ್ಲಿ ಕತ್ತರಿಸಿದ್ದೀರಿ ಎಂದು ಇನ್ನೂ ಗೊತ್ತಾಗಿಲ್ಲ.

ಒಳ್ಳೆಯದು ಎರಡು: ಬಲಗೈ ಮೇಲೆ ಪೆನ್ಸಿಲಿನಲ್ಲಿ ಎರಡು ನರ ತಿದ್ದಿದ್ದೀರಿ. ಉಳಿದ ಮೂರು ಅಜ್ಜಿಯರಿಗೆ ಇಲ್ಲ. ಯಾಕೆ ಸರ್?

ದೋಷ: ಮೈಮೇಲಿನ ಬೆಳಕು ಎಡದಿಂದ, ಕುತ್ತಿಗೆಯ ನೆರಳೂ ಎಡಕ್ಕೆ. ನನ್ನ ಚಿತ್ರದ ದೋಷ ಎಂದು ನೀವು ಬರೆದದ್ದು ಮೂಲದಿಂದ ಬಂದದ್ದು.

ಸಲಹೆ: ಮುಖವನ್ನು ಎಡ-ಬಲ ತಿರುವಿ ಹಚ್ಚಬಹುದಿತ್ತು. ಆದರೆ ಆಗ ಅಜ್ಜಿಯ ಮೂಗುತಿ ಇನ್ನೊಂದು ಬದಿಗೆ ಹೋಗುತ್ತಿತ್ತು. ಅದಕ್ಕೇ ಬಿಟ್ಟಿರೇನೋ.’

ಮೊದಲ ಒಳ್ಳೆಯದನ್ನು ಐದು ಸಲ ಓದಿದೆ.

ನರ ತಿದ್ದಿದ್ದು ಯಾಕೆ ಎಂದು ನೆನಪಿದೆ. ಬಾಳವ್ವ ಅಂಗಡಿಗೆ ಬಂದು ಪಾಸ್‌ಬುಕ್ಕು ಮುಂದಿಟ್ಟಾಗ ಅವಳ ಕೈ ನೋಡಿದ್ದೆ, ನರ ಎದ್ದಿದ್ದವು. ಅಂದ ಮೇಲೆ ತಾಯಿಯದೂ ಹೀಗೇ ಇರಬೇಕು ಅಂದುಕೊಂಡೆ. ಮಂದಿಯ ಹೆಂಗಸರ ಕೈ ನೆನಪಿದೆ.

ಆದರೆ ದೋಷ ಒಪ್ಪುವುದಿಲ್ಲ. ನೆರಳಿನಲ್ಲಿ ತಪ್ಪುವ ಮನುಷ್ಯ ನಾನಲ್ಲ. ಪ್ರಿಂಟು ಮಾಸಿರಬೇಕು. ಗಾಜಿನ ಕಲೆ ಇರಬೇಕು. ಗಣಿತ ಹೇಳುವ ಹುಡುಗಿ, ನನಗೆ ಬೆಳಕು ಹೇಳಿಕೊಡುತ್ತಾಳೆ! ನೆಗೆಟಿವ್ ಟ್ರಂಕಿನಲ್ಲಿದೆ.

7.15

ಸಿಕ್ಕಿತು. ಕಾಗದದ ಚೀಲದ ಮೇಲೆ ನನ್ನದೇ ಅಕ್ಷರ: ‘ಬಾಳವ್ವನ ಅವ್ವ. 1991.’

“ಮುಂಜಾನೆದ್ದ ಏನ ಹುಡುಕಾಟ್ರಿ ಇದು?” ಅಂತ ಶಮಶಾದ ಬಂದಳು. ಅವಳ ಕೈಗೇ ಕೊಟ್ಟು ಕಿಟಕಿಗೆ ಹಿಡಿಯಲು ಹೇಳಿದೆ. ನನಗೆ ಭೂತಗನ್ನಡಿ ಹಿಡಿಯಬೇಕು, ಬರೆಯಬೇಕು. ಯಾವ ಬದಿ ಮಿಂಚು, ಯಾವ ಬದಿ ಮಂಕು ಎಂದು ನೋಡಿ ಸರಿಬದಿ ಗುರುತಿಸಬೇಕು; ಆಪರೇಶನ್ ಆದ ಕಣ್ಣಿಗೆ ಈಗ ಅದು ತಿಳಿಯುವುದಿಲ್ಲ. ಹೇಗೆ ಬಂತೋ ಹಾಗೆ ಹಿಡಿದಿದ್ದಾಳೆ. ಕುತ್ತಿಗೆ ಕಂಡಿತು. ನೆಗೆಟಿವಿನಲ್ಲಿ ನೆರಳು ಬೆಳ್ಳಗೆ ಕಾಣುತ್ತದೆ. ಕಂಡಿತು. ಬಲಕ್ಕೆ! ಬಲಕ್ಕೇ ಇದೆ!

ಕೂಗಿದೆ. “ನೋಡಿದ್ಯಾ? ಬಲಕ್ಕೈತಿ! ಆ ಹುಡುಗಿಗಿ ಹೇಳತೇನಿ ಈಗ.”

ಶಮಶಾದ ಬಗ್ಗಿ ನೋಡಿದಳು.

“ಏನ್ರಿ, ನನ್ನ ಸೊಟ್ಟ ಬೆರಳ ಯಾ ಕೈದು?”

“ಎಡಗೈದು.”

“ನೆನಪೈತಲ್ಲ? ಮತ್ತ ಇದರಾಗ ಯಾ ಕೈಗೈತಿ ನೋಡ್ರಿ.”

ನೋಡಿದೆ. ಅವಳ ಕೈಯನ್ನೂ ನೋಡಿದೆ. ಮತ್ತೆ ನೆಗೆಟಿವಿನೊಳಗೆ ನೋಡಿದೆ. ಬಲಗೈ.

ಅವಳು ನೆಗೆಟಿವನ್ನು ಹಿಂದುಮುಂದು ತಿರುವಿ ಹಿಡಿದಳು. ಬೆರಳು ತನ್ನ ಜಾಗಕ್ಕೆ, ಎಡಗೈಗೆ ಬಂತು. ನೆರಳೂ ಅದರ ಜೊತೆಗೇ —